ತೊಟ್ಟಿಲ ಬಳಿ ಅಪ್ಪ: ಹಸುಗೂಸಿನ ಆರೈಕೆಯ ಹೊಣೆ ಹೊರಲು ಒಂದು ಮಾರ್ಗದರ್ಶಿ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಸೀಮಂತ ಮುಗಿಸಿಕೊಂಡು ತವರಿಗೆ ಹೋದ ಹೆಣ್ಣುಮಗಳು ಕೂಸಿಗೆ ಮೂರು ತಿಂಗಳೋ ಐದು ತಿಂಗಳೋ ತುಂಬಿದ ಮೇಲೆ ಗಂಡನ ಮನೆಗೆ ಮರಳುತ್ತಾಳೆ. ಅಷ್ಟು ದಿನ ಗಂಡ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ತನ್ನ ಕೆಲಸದಲ್ಲಿರುತ್ತಾನೆ. ಶನಿವಾರ ರಾತ್ರಿಯ ಬಸ್ಸು ಹಿಡಿದು ಹಣ್ಣು, ಕುಲಾವಿ, ಗಿಲಕಿಗಳ ಚೀಲದೊಂದಿಗೆ ಮಾವನ ಮನೆಗೆ ಬರುತ್ತಾನೆ, ಅಳಿಯನ ಮರ್ಯಾದೆಗೆ ತಕ್ಕಂತೆ ಕುರ್ಚಿಯಲ್ಲಿ ಕೂರುತ್ತಾನೆ, ಎಣ್ಣೆನೀರು ಆಗಿ ಹಾಲು ಕುಡಿದು ಸುಮ್ಮನಿರುವ ಮಗುವನ್ನು ಯಾರೋ ತಂದು ಅವನ ತೊಡೆಯ ಮೇಲಿಡುತ್ತಾರೆ, ಅದು ಅತ್ತ ಕೂಡಲೇ ಇನ್ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ. ಹೀಗೆ ಹತ್ತು ಹನ್ನೆರಡು ಭೇಟಿಗಳಾಗುವಷ್ಟರಲ್ಲಿ ತಾಯಿಗೆ ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂಬುದು ತಿಳಿದಿರುತ್ತದೆ. ತಂದೆಗೆ ಲಂಗೋಟಿಯ ಗಂಟು ಕಟ್ಟುವುದೂ ಬಂದಿರುವುದಿಲ್ಲ. ಆಮೇಲೆ ಮನೆಯವರೆಲ್ಲ ಸೇರಿ ‘ಗಂಡಸರಿಗೆ ಇದೆಲ್ಲ ಬರುವುದಿಲ್ಲ’ ಎಂದು ತೀರ್ಮಾನಿಸುತ್ತಾರೆ, ಅವನೂ ಅದನ್ನು ನಂಬುತ್ತಾನೆ.

ಈ ಅಂತರ ಹುಟ್ಟಿನಿಂದ ಬಂದದ್ದಲ್ಲ, ಕೈಗೆ ಸಿಕ್ಕ ಅಭ್ಯಾಸದ ದಿನಗಳ ಲೆಕ್ಕದಿಂದ ಬಂದದ್ದು ಎಂಬುದು ನನ್ನ ದೃಢವಾದ ನಂಬಿಕೆ. ಮೊದಲ ಮಗುವಿನ ಬಾಣಂತನದಲ್ಲಿ ನಾನು ಮೇಲೆ ಹೇಳಿದ ನೆಂಟನೇ ಆಗಿದ್ದೆ. ಎರಡನೆಯ ಮಗು ನಮ್ಮ ಮನೆಯಲ್ಲೇ ಬೆಳೆಯತೊಡಗಿದಾಗ, ಮೂರು ವಾರ ಬಿಡದೆ ಮಾಡಿದ ಕೆಲಸಗಳೆಲ್ಲ ನಾಲ್ಕನೆಯ ವಾರದ ಹೊತ್ತಿಗೆ ಕೈಗೆ ಹತ್ತಿದ್ದವು.

ಕೂಡುಕುಟುಂಬಗಳಲ್ಲಿ ಹಿರಿಯರ ಎದುರು ತನ್ನ ಮಗುವನ್ನು ತಾನೇ ಎತ್ತಿಕೊಂಡು ಮುದ್ದು ಮಾಡುವುದಕ್ಕೆ ತಂದೆಯಾದವನು ಸಂಕೋಚಪಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಇಂದು ಬೆಳಗ್ಗೆ ಅಂಗನವಾಡಿಯ ಬಾಗಿಲಲ್ಲಿ, ಸಂಜೆ ಉದ್ಯಾನಗಳಲ್ಲಿ ಕೂಸನ್ನು ಎತ್ತಿಕೊಂಡ ಅಪ್ಪಂದಿರು ಕಾಣುತ್ತಾರೆ. ಆದರೂ ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷ ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ದಿನಕ್ಕೆ ಸುಮಾರು 140 ನಿಮಿಷ ಕಳೆದರೆ, ಅದೇ ವಯಸ್ಸಿನ ಗಂಡಸರಲ್ಲಿ ಆ ಕೆಲಸಕ್ಕೆ ಕೈಹಾಕಿದವರು ಶೇ 21.4 ಮಾತ್ರ, ಅವರು ಕೊಟ್ಟ ಹೊತ್ತು 74 ನಿಮಿಷ. ಈ ಅಂತರವನ್ನು ತನ್ನ ಮನೆಯಲ್ಲಾದರೂ ಕಡಿಮೆ ಮಾಡಬೇಕೆಂದುಕೊಂಡ ತಂದೆ ಎಲ್ಲಿಂದ ಆರಂಭಿಸಬೇಕು, ಯಾವುದರ ನಂತರ ಯಾವುದನ್ನು ಕಲಿಯಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ.

ಹೆಜ್ಜೆ 1: ಹೆರಿಗೆಗೆ ಮೊದಲೇ ರಜೆಯನ್ನು ಯೋಚಿಸಿಕೊಳ್ಳಿ

ಕೇಂದ್ರ ಸರ್ಕಾರದ ನೌಕರನಿಗೆ, ಬದುಕಿರುವ ಮಕ್ಕಳ ಸಂಖ್ಯೆ ಎರಡಕ್ಕಿಂತ ಕಡಿಮೆಯಿದ್ದರೆ, 15 ದಿನಗಳ ಪಿತೃತ್ವ ರಜೆ ಸಿಗುತ್ತದೆ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ಅದನ್ನು ಬಳಸಿಕೊಳ್ಳದಿದ್ದರೆ ಅದು ಹೋದಂತೆಯೇ. ಕರ್ನಾಟಕ ಸರ್ಕಾರದ ನೌಕರರಿಗೂ 15 ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ಸಂಸ್ಥೆಗಳು ತಂದೆಗೆ ರಜೆ ಕೊಡಲೇಬೇಕೆನ್ನುವ ಕಾನೂನು ನಮ್ಮಲ್ಲಿಲ್ಲವಾದ್ದರಿಂದ, ನಿಮ್ಮ ಸಂಸ್ಥೆಯ ನಿಯಮವನ್ನು ಐದನೆಯ ಆರನೆಯ ತಿಂಗಳಿನಲ್ಲೇ ಕೇಳಿ ತಿಳಿದುಕೊಂಡು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಸಾಮಾನ್ಯವಾಗಿ ಎಲ್ಲರೂ ಹೆರಿಗೆಯಾದ ವಾರದಲ್ಲೇ ಈ ರಜೆಯನ್ನು ಮುಗಿಸಿಬಿಡುತ್ತಾರೆ. ಸಿಸೇರಿಯನ್ ಆಗಿದ್ದರೆ, ಮಗು ತೀವ್ರ ನಿಗಾ ಘಟಕದಲ್ಲಿದ್ದರೆ, ಅಥವಾ ತವರಿನಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಅದೇ ಸರಿ. ಆದರೆ ತವರಿನಲ್ಲಿ ಅಮ್ಮ, ದೊಡ್ಡಮ್ಮ, ಅತ್ತಿಗೆ ಎಂದು ನಾಲ್ಕಾರು ಕೈಗಳಿರುವಾಗ ಅಲ್ಲಿ ಹದಿನೈದು ದಿನ ಕುಳಿತಿರುವುದಕ್ಕಿಂತ, ತಾಯಿ ಮತ್ತು ಕೂಸು ಮೂರನೆಯ ಅಥವಾ ಐದನೆಯ ತಿಂಗಳಿನಲ್ಲಿ ನಿಮ್ಮ ಮನೆಗೆ ಬರುವ ದಿನಗಳಿಗೆ ರಜೆಯ ಬಹುಪಾಲನ್ನು ಉಳಿಸಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಷ್ಟೂ ಕೈಗಳು ಒಮ್ಮೆಲೇ ಇಲ್ಲವಾಗುವ ಆ ಎರಡು ವಾರಗಳೇ ಬಾಣಂತಿಗೆ ಅತ್ಯಂತ ಕಷ್ಟದವು, ಮತ್ತು ತಂದೆಗೆ ಕಲಿಯಲು ಅತ್ಯಂತ ಅನುಕೂಲವಾದವು. ರಜೆಯನ್ನು ತುಂಡುಮಾಡಿ ತೆಗೆದುಕೊಳ್ಳಬಹುದೇ ಎಂಬುದನ್ನು ಕಚೇರಿಯಲ್ಲಿ ಮೊದಲೇ ವಿಚಾರಿಸಿರಿ.

ಹೆಜ್ಜೆ 2: ಬಾಣಂತನದ ದಿನಗಳಲ್ಲಿ ನೆಂಟನಾಗದಿರಿ

ಈ ಹೆಜ್ಜೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತಂದೆ ದೂರ ಸರಿಯುವುದೂ ಹತ್ತಿರವಾಗುವುದೂ ಇಲ್ಲಿಯೇ.

ಮೊದಲನೆಯದಾಗಿ, ಮಗು ಹುಟ್ಟಿದ ದಿನವೇ ಕ್ಯಾಲೆಂಡರ್ ತೆಗೆದು ಆರನೆಯ ವಾರ, ಹತ್ತನೆಯ ವಾರ, ಹದಿನಾಲ್ಕನೆಯ ವಾರ ಯಾವ ದಿನಾಂಕಕ್ಕೆ ತುಂಬುತ್ತವೆ ಎಂದು ಗುರುತು ಹಾಕಿಕೊಳ್ಳಿ. ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೋ, ಹೆಪಟೈಟಿಸ್ ಬಿ ಲಸಿಕೆಗಳ ನಂತರ ಪೆಂಟಾವೇಲೆಂಟ್ (ಐದು ರೋಗಗಳನ್ನು ತಡೆಯುವ ಒಂದೇ ಲಸಿಕೆ) ಮೊದಲಾದ ಮುಖ್ಯ ಲಸಿಕೆಗಳು ಈ ಮೂರು ವಾರಗಳಲ್ಲಿ ಬರುತ್ತವೆ, ಅಂದರೆ ಮೂರೂ ಬಾಣಂತನದ ಅವಧಿಯಲ್ಲೇ ಬೀಳುತ್ತವೆ. ಆ ದಿನಕ್ಕೂ ಅದರ ಮರುದಿನಕ್ಕೂ ರಜೆ ಹಾಕಿ ನೀವೇ ಕರೆದುಕೊಂಡು ಹೋಗಿ. ಚುಚ್ಚುಮದ್ದು ಹಾಕಿಸಿಕೊಂಡ ರಾತ್ರಿ ಮಗುವಿಗೆ ಜ್ವರ ಬರುವುದು, ರಚ್ಚೆ ಹಿಡಿಯುವುದು ಸಾಮಾನ್ಯ. ಆ ರಾತ್ರಿ ಹೆಗಲ ಮೇಲೆ ಹಾಕಿಕೊಂಡು ಓಡಾಡಿದ ಅಪ್ಪನಿಗೆ ಮಗುವಿನ ಮೈಶಾಖ, ಉಸಿರು, ಅಳು ಎಲ್ಲವೂ ಪರಿಚಯವಾಗುತ್ತವೆ. ನಮ್ಮ ರಾಜ್ಯದಲ್ಲಿ ಗರ್ಭಿಣಿಗೆ ಕೊಡುವ ದಾಖಲೆಯ ಪುಸ್ತಿಕೆಯನ್ನು ‘ತಾಯಿ ಕಾರ್ಡ್’ ಎನ್ನುತ್ತಾರೆ. ಹೆಸರು ತಾಯಿಯದಾದರೂ ಅದನ್ನು ಜೋಪಾನ ಮಾಡುವ, ಪ್ರತಿ ಪುಟದ ಫೋಟೊ ತೆಗೆದಿಡುವ, ಮುಂದಿನ ದಿನಾಂಕ ನೆನಪಿಡುವ ಕೆಲಸ ಇಂದಿನಿಂದ ತಂದೆಯದಾಗಲಿ. ಒಮ್ಮೆ ಒಂದು ಚಿಕಿತ್ಸಾಲಯದಲ್ಲಿ ನನ್ನ ಕೈಯಲ್ಲಿ ಮಗು, ಕಾರ್ಡು ಎರಡೂ ಇದ್ದರೂ ‘ತಾಯಿ ಎಲ್ಲಿ, ಅವರನ್ನು ಕರೆಯಿರಿ’ ಎಂದಿದ್ದರು. ಅಂಥ ಮಾತಿಗೆ ಬೇಸರವಾಗುತ್ತದೆ. ಆದರೂ ಕೊನೆಯ ಲಸಿಕೆ ಯಾವತ್ತು ಆಯಿತು, ಈಗಿನ ತೂಕ ಎಷ್ಟು ಎಂದು ತಡವರಿಸದೆ ಹೇಳಿದ ತಂದೆಯ ಬಳಿ ಅವರು ಮುಂದಿನ ಸಲ ನೇರವಾಗಿ ಮಾತಾಡುತ್ತಾರೆ.

ಎರಡನೆಯದಾಗಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯು ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುವ ಕ್ರಮವಿದೆ. ಅವುಗಳಲ್ಲಿ ಒಂದೆರಡು ಭೇಟಿಯ ಹೊತ್ತಿಗಾದರೂ ನೀವು ಅಲ್ಲಿರಿ, ಬಾಗಿಲಾಚೆ ನಿಲ್ಲದೆ ಒಳಗೆ ಕೂತು ಕೇಳಿರಿ. ಹೊಕ್ಕುಳಬಳ್ಳಿ ಒಣಗಿ ಬೀಳುವ ತನಕ ಅದಕ್ಕೆ ಏನನ್ನೂ ಹಚ್ಚದೆ ಒಣದಾಗಿಡಬೇಕು, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುವ ಮಗುವಿಗೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು, ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು ಎಂಬಂಥ ಸಂಗತಿಗಳನ್ನು ತಾಯಿಯೊಬ್ಬಳೇ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಮೂರನೆಯದಾಗಿ, ಬಂದ ಶನಿವಾರದ ಒಂದು ಇಡೀ ರಾತ್ರಿಯನ್ನು ನಿಮ್ಮದೆಂದು ಕೇಳಿಕೊಳ್ಳಿ. ಹಾಲುಣಿಸುವುದು ತಾಯಿಯಿಂದಲೇ ಆಗಬೇಕಾದ ಕೆಲಸ. ಆದರೆ ಅಳು ಕೇಳಿ ಏಳುವುದು, ಒದ್ದೆ ಬಟ್ಟೆ ಬದಲಿಸುವುದು, ಮಗುವನ್ನು ತಾಯಿಯ ಮಡಿಲಿಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸುವುದು, ಮತ್ತೆ ಅಂಗಾತ ಮಲಗಿಸುವುದು, ಇವೆಲ್ಲಕ್ಕೂ ಅಪ್ಪನ ಕೈ ಸಾಕು. ಹೀಗೆ ಮಾಡಿದರೆ ಬಾಣಂತಿಗೆ ಎರಡು ಹಾಲಿನ ನಡುವೆ ನಿದ್ದೆ ಸಿಗುತ್ತದೆ. ‘ಅಳಿಯಂದಿರು ಯಾಕೆ ಎದ್ದಿರಿ’ ಎಂದು ಅತ್ತೆ ಸಂಕೋಚಪಡುತ್ತಾರೆ. ಮೊದಲ ವಾರವೇ, ಹಗಲಿನಲ್ಲಿ, ‘ಕಲಿಯಬೇಕೆಂದಿದ್ದೇನೆ, ನೀವು ಪಕ್ಕದಲ್ಲಿದ್ದು ಹೇಳಿಕೊಡಿ’ ಎಂದು ಕೇಳಿಕೊಂಡರೆ ಆ ಸಂಕೋಚ ಬಹಳ ಮಟ್ಟಿಗೆ ಕರಗುತ್ತದೆ; ಕಲಿಸುವ ಗೌರವವನ್ನು ಯಾವ ಹಿರಿಯರೂ ಬೇಡವೆನ್ನುವುದಿಲ್ಲ.

ನಾಲ್ಕನೆಯದು ನೀರೆರೆಯುವುದು. ಮಣೆಯ ಮೇಲೆ ಕುಳಿತು, ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಅಜ್ಜಿಯರು ಎಣ್ಣೆ ತಿಕ್ಕಿ ನೀರು ಹಾಕುವ ಬಗೆ ನಿಜಕ್ಕೂ ದೊಡ್ಡ ಕೌಶಲ: ಎರಡೂ ಕೈ ಬಿಡುವಾಗಿರುತ್ತವೆ, ಮಗು ಜಾರುವುದಿಲ್ಲ, ನೀರು ನಿಲ್ಲುವುದಿಲ್ಲ. ಮೊದಲೆರಡು ವಾರ ಪಕ್ಕದಲ್ಲಿ ಕೂತು ನೋಡಿ, ಮೂರನೆಯ ವಾರ ನೀರು ಹೊಯ್ದು ಕೊಡಿ, ಆಮೇಲೆ ನೀವೇ ಮಣೆಯ ಮೇಲೆ ಕುಳಿತುಕೊಳ್ಳಿ. ಒಣಬಟ್ಟೆ, ಕುಲಾವಿ, ಲಂಗೋಟಿ ಎಲ್ಲವನ್ನೂ ಮೊದಲೇ ಕೈಗೆಟಕುವಲ್ಲಿ ಇಟ್ಟುಕೊಂಡು, ಬಚ್ಚಲಿನ ಕಿಟಕಿ ಮುಚ್ಚಿ, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಿ, ಏಕೆಂದರೆ ನಮ್ಮ ಅಂಗೈಗೆ ಹಿತವೆನಿಸುವ ಬಿಸಿ ಕೂಸಿನ ಚರ್ಮಕ್ಕೆ ಹೆಚ್ಚಾದೀತು. ಕತ್ತಿನ ಮಡಿಕೆ, ಕಂಕುಳು, ತೊಡೆಸಂದುಗಳನ್ನು ಒರೆಸಿ ಒಣಗಿಸುವುದನ್ನು ಮರೆಯಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿರಿಯರಿಂದ ಕಲಿಯುವುದರ ಜೊತೆಗೆ ಕೆಲವು ರೂಢಿಗಳನ್ನು ಬಿಡುವಂತೆ ಕೇಳಬೇಕಾಗುತ್ತದೆ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಕಿವಿಗೂ ಎಣ್ಣೆ ಬಿಡಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಿದರೆ ಬೊಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಬಜೆ ತೇಯ್ದು ಕೊಡುವುದು, ಕೋಣೆ ತುಂಬ ಲೋಬಾನದ ಹೊಗೆ ಹಾಕುವುದು ಎಳೆಯ ದೇಹಕ್ಕೆ ಒಳ್ಳೆಯದಲ್ಲ. ತಾಯಿಹಾಲಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸ್ಪಷ್ಟ: ಹುಟ್ಟಿದ ಒಂದು ಗಂಟೆಯೊಳಗೆ ಆರಂಭಿಸಿ ಆರು ತಿಂಗಳವರೆಗೆ ಬೇರೇನೂ ಬೇಡ, ನೀರೂ ಬೇಡ. ಇವನ್ನೆಲ್ಲ ಅಳಿಯ ನೇರವಾಗಿ ಹೇಳಿದರೆ ಮನಸ್ತಾಪಕ್ಕೆ ದಾರಿಯಾಗುತ್ತದೆ, ಬಾಣಂತಿಯ ಬಾಯಲ್ಲಿ ಹೇಳಿಸಿದರೆ ಅವಳು ಇಕ್ಕಟ್ಟಿಗೆ ಸಿಲುಕುತ್ತಾಳೆ. ಲಸಿಕೆಗೆ ಹೋಗುವ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ, ವೈದ್ಯರ ಎದುರು ನಿಮ್ಮದೇ ಅನುಮಾನವೆಂಬಂತೆ ಪ್ರಶ್ನೆ ಕೇಳಿ, ಉತ್ತರವನ್ನು ಅವರೇ ಕೇಳಿಸಿಕೊಳ್ಳುವಂತೆ ಮಾಡುವುದು ನಾನು ಕಂಡ ಉತ್ತಮ ದಾರಿ.

ಮಗು ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದಲ್ಲಿ ಅಥವಾ ದಿನ ತುಂಬುವ ಮೊದಲೇ ಹುಟ್ಟಿದ್ದರೆ, ವೈದ್ಯರನ್ನು ಕೇಳಿ ಕಾಂಗರೂ ಆರೈಕೆಯಲ್ಲಿ ನೀವೂ ಪಾಲ್ಗೊಳ್ಳಿ. ಇನ್‌ಕ್ಯುಬೇಟರುಗಳ ಕೊರತೆಯಿಂದಾಗಿ 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಆರಂಭವಾದ ಈ ಪದ್ಧತಿಯಲ್ಲಿ, ಕುಲಾವಿ, ಲಂಗೋಟಿ, ಕಾಲುಚೀಲ ಮಾತ್ರ ತೊಡಿಸಿದ ಕೂಸನ್ನು ಬರಿಯ ಎದೆಯ ಮೇಲೆ ನೆಟ್ಟಗೆ ಒರಗಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೇಲಿನಿಂದ ಬಟ್ಟೆ ಸುತ್ತಿ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಾರೆ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಬೇಕಾಗುವ ಈ ಕೆಲಸವನ್ನು ಹೊಲಿಗೆಯ ನೋವಿನಲ್ಲಿರುವ ತಾಯಿಯೊಬ್ಬಳಿಂದಲೇ ನಿರೀಕ್ಷಿಸುವುದು ಅನ್ಯಾಯ. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಹೆಜ್ಜೆ 3: ಕೂಸು ಮನೆಗೆ ಬಂದ ಮೇಲೆ ಇಡೀ ಕೆಲಸವನ್ನೇ ವಹಿಸಿಕೊಳ್ಳಿ

‘ಏನಾದರೂ ಸಹಾಯ ಬೇಕಿದ್ದರೆ ಹೇಳು’ ಎನ್ನುವ ಗಂಡ ಒಳ್ಳೆಯವನೇ. ಆದರೆ ಏನು ಬೇಕೆಂದು ಯೋಚಿಸುವ, ನೆನಪಿಡುವ, ಹೇಳುವ ಭಾರವೆಲ್ಲ ಹೆಂಡತಿಯ ತಲೆಯ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಹತ್ತು ಕೆಲಸಗಳಲ್ಲಿ ಅರ್ಧರ್ಧ ಕೈಯಾಡಿಸುವುದರ ಬದಲು ಎರಡು ಅಥವಾ ಮೂರು ಕೆಲಸಗಳನ್ನು ಬೇರುಸಹಿತ ತೆಗೆದುಕೊಳ್ಳಿ. ಸ್ನಾನ ನಿಮ್ಮದಾದರೆ ಎಣ್ಣೆ ಮುಗಿಯುತ್ತಾ ಬಂದಿದೆ ಎಂದು ಗಮನಿಸುವುದರಿಂದ ಹಿಡಿದು ಒದ್ದೆ ಟವೆಲು ಒಣಹಾಕುವವರೆಗೆ ಎಲ್ಲವೂ ನಿಮ್ಮದು. ಬಟ್ಟೆಯ ಕೆಲಸ ನಿಮ್ಮದಾದರೆ ಲಂಗೋಟಿ ನೆನೆಹಾಕುವುದು, ಬಿಸಿಲಿಗೆ ಹರವುವುದು, ಕೂಸು ಬೆಳೆದಂತೆ ಅಂಗಿಗಳ ಅಳತೆ ಬದಲಿಸುವುದು ಕೂಡ ನಿಮ್ಮದೇ.

ಮಾಡುವಾಗ ತಪ್ಪುಗಳಾಗುತ್ತವೆ. ಅಂಗಿಯ ಗುಂಡಿ ಹಿಂದುಮುಂದಾಗುತ್ತದೆ, ಡಯಾಪರ್ ಸೋರುತ್ತದೆ. ಇಂಥ ಸಣ್ಣ ತಪ್ಪುಗಳನ್ನು ಕಂಡೂ ಕಾಣದಂತಿರಬೇಕೆಂದು ಮನೆಯವರನ್ನು ಕೇಳಿಕೊಳ್ಳಲು ಹಿಂಜರಿಯಬೇಡಿ, ಅಪಾಯದ ವಿಷಯದಲ್ಲಿ ಮಾತ್ರ ತಕ್ಷಣ ಎಚ್ಚರಿಸಲಿ. ಹಾಗೆಯೇ ಅಳು ನಿಲ್ಲದೆ ನಿಮ್ಮ ತಾಳ್ಮೆ ಕೈಕೊಡುವ ಹೊತ್ತೂ ಬರುತ್ತದೆ. ಆಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲಿ. ಎಂಥ ಸಿಟ್ಟಿನಲ್ಲೂ ಕೂಸನ್ನು ಅಲುಗಾಡಿಸಬಾರದು; ಅದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತಾಗಬಹುದು.

ಬಾಣಂತಿಯ ಮನಸ್ಸಿನ ಕಡೆಗೂ ನಿಗಾ ಇರಲಿ. ಹೆರಿಗೆಯಾದ ಎರಡು ವಾರಗಳ ನಂತರವೂ ಅವಳು ಸದಾ ಅಳುತ್ತಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿದ್ದರೆ ‘ದೃಷ್ಟಿಯಾಗಿದೆ’ ಎಂದು ಸುಮ್ಮನಿರದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಇಂಥ ಖಿನ್ನತೆ ತಂದೆಯರಿಗೂ ಬರುತ್ತದೆ, ಅವರೂ ಆ ಸಂಖ್ಯೆಗೆ ಕರೆ ಮಾಡಬಹುದು.

ಹೆಜ್ಜೆ 4: ಆರು ತಿಂಗಳಿಗೆ ರಾಗಿ ಸರಿಯ ಜವಾಬ್ದಾರಿ ಹೊತ್ತುಕೊಳ್ಳಿ

ಉಣಿಸುವುದರಲ್ಲಿ ತಂದೆಗೆ ಸರಿಸಮನಾದ ಜಾಗ ಸಿಗುವುದು ಆರು ತಿಂಗಳು ತುಂಬಿದ ಮೇಲೆ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿದ ಹಿಟ್ಟನ್ನು ಒಂದು ಭಾನುವಾರ ಮಾಡಿಟ್ಟುಕೊಂಡರೆ ಕೆಲವು ವಾರಗಳಿಗೆ ಸಾಕಾಗುತ್ತದೆ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಂಡ ಮೇಲಷ್ಟೇ ಒಲೆಯ ಮೇಲಿಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಚೆನ್ನಾಗಿ ಬೇಯಿಸಿ. ಚಮಚವನ್ನು ಓರೆ ಮಾಡಿದರೆ ನಿಧಾನವಾಗಿ ಜಾರುವಷ್ಟು ಗಟ್ಟಿಯಿರಬೇಕು; ನೀರಾಗಿದ್ದರೆ ಹೊಟ್ಟೆ ತುಂಬುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ ಬೇಡ. ಮೊದಲು ಎರಡು ಮೂರು ಚಮಚದಿಂದ ಆರಂಭಿಸಿ, ಹೊಸ ಪದಾರ್ಥಗಳನ್ನು ಒಂದೊಂದಾಗಿ, ನಡುವೆ ಎರಡು ಮೂರು ದಿನ ಬಿಟ್ಟು ಸೇರಿಸಿ: ಬೇಳೆಕಟ್ಟು, ಮಿದ್ದ ಬಾಳೆಹಣ್ಣು, ಬೇಯಿಸಿದ ಕುಂಬಳ, ತಿನ್ನುವ ಮನೆಗಳಲ್ಲಿ ಮೊಟ್ಟೆ. ಮಗು ಬಾಯಿ ತಿರುಗಿಸಿದರೆ ಅಲ್ಲಿಗೆ ಆ ಊಟ ಮುಗಿಯಿತು. ಮೊಬೈಲ್ ತೋರಿಸಿ ತುರುಕುವ ಅಭ್ಯಾಸವನ್ನು ನೀವೂ ಮಾಡಬೇಡಿ, ಮಾಡುವವರಿಗೂ ಬೇಡವೆನ್ನಿ.

ತಾಯಿ ಉದ್ಯೋಗಕ್ಕೆ ಮರಳುವ ಮನೆಗಳಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. 2017ರ ತಿದ್ದುಪಡಿಯ ನಂತರ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಹೆರಿಗೆ ರಜೆಯಿದೆ. ಅದರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ಕಳೆದಿದ್ದರೆ ಅವಳು ಕೆಲಸಕ್ಕೆ ಹೋಗುವಾಗ ಕೂಸಿಗೆ ನಾಲ್ಕು ತಿಂಗಳು ದಾಟಿರುತ್ತದಷ್ಟೆ. ಹಾಗಾದರೆ ಅದಕ್ಕೆ ಎರಡು ವಾರ ಮೊದಲಿನಿಂದಲೇ, ಹಿಂಡಿಟ್ಟ ತಾಯಿಹಾಲನ್ನು ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸುವ ಅಭ್ಯಾಸವನ್ನು ತಂದೆ ಮಾಡಿಕೊಳ್ಳಬೇಕು. ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಕೂಸನ್ನು ಅರ್ಧ ನೆಟ್ಟಗೆ ಹಿಡಿದು, ಅದು ನುಂಗಿದ ಮೇಲೆ ಮುಂದಿನ ಗುಟುಕು ಕೊಡಿ. ಹಿಂಡಿದ ಹಾಲು ಕೋಣೆಯ ತಾಪದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಬಿಸಿ ಮಾಡಬೇಕಾದರೆ ಬಟ್ಟಲನ್ನು ಬಿಸಿನೀರಿನಲ್ಲಿ ಇಡಬೇಕೇ ಹೊರತು ನೇರವಾಗಿ ಒಲೆಯ ಮೇಲಲ್ಲ.

ಹಗಲು ನೋಡಿಕೊಳ್ಳುವವರಿಲ್ಲದವರು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂಬ ನಿಯಮವನ್ನು ನೆನಪಿಟ್ಟುಕೊಳ್ಳಿ. ಹೆಂಡತಿಯ ಕಚೇರಿಯಲ್ಲಿ ಕೇಳಿದಂತೆ ನಿಮ್ಮ ಕಚೇರಿಯಲ್ಲೂ ಕೇಳಿ. ಹಳ್ಳಿಗಳಲ್ಲಿ ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದಿದೆ, ಅಲ್ಲಿಗೆ ಬಿಡುವ, ಕರೆತರುವ ಕೆಲಸದಲ್ಲಿ ಒಂದು ಹೊತ್ತಾದರೂ ತಂದೆಯದಾಗಲಿ.

ಹೆಜ್ಜೆ 5: ಕಾಯಿಲೆಯ ರಾತ್ರಿಗೆ ಸಿದ್ಧರಾಗಿರಿ

ಮಗುವಿಗೆ ಹುಷಾರಿಲ್ಲದಾಗ ಗಾಡಿ ಓಡಿಸುವುದಷ್ಟೇ ಅಪ್ಪನ ಪಾತ್ರವಾಗಿ ಉಳಿಯಬಾರದು. ಉಸಿರು ಎಣಿಸಲು ಕಲಿಯಿರಿ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು, ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರು, ನ್ಯುಮೋನಿಯಾದ ಶಂಕೆಯಿಂದ ಆಸ್ಪತ್ರೆಗೆ ಹೋಗಬೇಕು. ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಫಿಟ್ಸ್ ಬಂದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಲಸಿಕೆ ಹಾಕಿಸದಿದ್ದಾಗಲೂ ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಭೇದಿಯಾದಾಗ ಒಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಚಮಚ ಚಮಚವಾಗಿ ಕುಡಿಸುತ್ತಿರಬೇಕು. ಅರ್ಧ ಪೊಟ್ಟಣವನ್ನು ಲೋಟಕ್ಕೆ ಅಂದಾಜಿನಲ್ಲಿ ಹಾಕುವುದು ಅಪಾಯಕರ. ವೈದ್ಯರು ಬರೆದ ಸತುವಿನ (ಜಿಂಕ್) ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಂದುವರಿಸಬೇಕು. ಜ್ವರದ ಪ್ಯಾರಾಸಿಟಮಾಲ್ ಹನಿಗಳ ಸಾಂದ್ರತೆ ಸಿರಪ್ಪಿಗಿಂತ ಬಹಳ ಹೆಚ್ಚಿರುವುದರಿಂದ ಒಂದರ ಅಳತೆಯಲ್ಲಿ ಇನ್ನೊಂದನ್ನು ಕೊಡಬೇಡಿ. ಮಗುವಿನ ಈಗಿನ ತೂಕ, ವೈದ್ಯರು ಹೇಳಿದ ಪ್ರಮಾಣ, ಕೊಟ್ಟ ಹೊತ್ತು, ಈ ಮೂರನ್ನೂ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಡುರಾತ್ರಿ ಎರಡು ಗಂಟೆಗೆ ಎದ್ದ ಅಪ್ಪನಿಗೂ ಮೂರು ಗಂಟೆಗೆ ಎದ್ದ ಅಮ್ಮನಿಗೂ ಒಂದೇ ಔಷಧಿಯನ್ನು ಎರಡು ಸಲ ಕೊಡುವ ಪ್ರಮಾದವಾಗದಂತೆ ಆ ಕಾಗದ ಕಾಯುತ್ತದೆ.

ಹೆಜ್ಜೆ 6: ಅಂಬೆಗಾಲಿನ ನಂತರ

ಮಗು ನಡೆಯತೊಡಗಿದ ಮೇಲೆ ಆಟವಾಡಿಸುವ ಅಪ್ಪಂದಿರು ಬೇಕಾದಷ್ಟು ಸಿಗುತ್ತಾರೆ. ಹಲ್ಲುಜ್ಜಿಸುವ, ಉಗುರು ಕತ್ತರಿಸುವ, ಮಲ ತೊಳೆಯುವ ಅಪ್ಪಂದಿರು ಇನ್ನೂ ಕಡಿಮೆ. ಆಟದ ಜೊತೆಗೆ ಇವುಗಳಲ್ಲಿ ಒಂದನ್ನಾದರೂ ಬಿಡದೆ ಹಿಡಿದುಕೊಳ್ಳಿ. 16ರಿಂದ 24 ತಿಂಗಳ ನಡುವಿನ ದಡಾರ-ರುಬೆಲ್ಲಾದ ಎರಡನೆಯ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಅನ್ನು ಮರೆಯುವವರು ಹಲವರು, ಏಕೆಂದರೆ ಅಷ್ಟು ಹೊತ್ತಿಗೆ ತಾಯಿ ಕಾರ್ಡ್ ಯಾವುದೋ ಪೆಟ್ಟಿಗೆಯ ತಳ ಸೇರಿರುತ್ತದೆ. ಅಂಗನವಾಡಿಯಲ್ಲಿ ತೂಕ ನೋಡುವ ದಿನ ತಿಳಿದುಕೊಂಡು ಬೆಳವಣಿಗೆಯ ಗೆರೆ ಏರುತ್ತಿದೆಯೇ, ಮಟ್ಟಸವಾಗಿದೆಯೇ ಎಂದು ಕೇಳಿ ನೋಡಿ.

ಮನೆಗೆ ಬಂದವರು ‘ಪಾಪ, ಇವನ ಕೈಲಿ ಮಗು ತೊಳೆಸುತ್ತಾಳೆ’ ಎಂದಾಗ ಆ ಮಾತು ಹೆಂಡತಿಗೆ ತಾಗುತ್ತದೆ, ನಿಮಗಲ್ಲ. ಆದ್ದರಿಂದ ಉತ್ತರವನ್ನು ನೀವೇ, ಆಗಲೇ, ಮೆದುವಾದ ದನಿಯಲ್ಲಿ ಕೊಡಿ: ‘ಇದು ನನ್ನ ಕೆಲಸ, ನಾನೇ ಮಾಡುತ್ತೇನೆ.’ ಅಷ್ಟು ಹೇಳಿ ಮಗುವಿನ ಕೈಕಾಲು ಒರೆಸಿ, ಒಣ ಚಡ್ಡಿ ಹಾಕಿ, ಬಂದವರ ಜೊತೆ ಕಾಫಿಗೆ ಬಂದು ಕುಳಿತುಕೊಳ್ಳಿ.